ಕೋಶ ವಿಭಜನೆಯ ಸಂಕೇತ ಹಾದಿಗಳಿಗೆ ಸಣ್ಣ ಅಣುಗಳ ಜರಡಿ: 384 ವೆಲ್ ಪ್ಲೇಟಿನಲ್ಲಿ ಮೈಟೋಸಿಸ್ ಸ್ಕ್ರೀನ್ ಮಾಡುವ ಸಮಗ್ರ ಮಾರ್ಗದರ್ಶಿ

ಪ್ರಯೋಗಾಲಯಗಳಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶವಾದ ಹೀಲಾ ಸುಮಾರು 24 ಗಂಟೆಗೊಮ್ಮೆ ಎರಡಾಗುತ್ತದೆ. ಅದರಲ್ಲಿ ಮೈಟೋಸಿಸ್‌ಗೆ, ಅಂದರೆ ವರ್ಣತಂತುಗಳನ್ನು ಎರಡು ಪಾಲು ಮಾಡುವ ಹಂತಕ್ಕೆ, ಸಿಗುವುದು ಒಂದು ಗಂಟೆಯಷ್ಟು ಕಾಲ. ಆ ಒಂದು ಗಂಟೆಯಲ್ಲಿ ಸಿಡಿಕೆ1, ಪಿಎಲ್‌ಕೆ1, ಆರೋರಾ ಎ, ಆರೋರಾ ಬಿ, ಎಂಪಿಎಸ್1 ಎಂಬ ಕೈನೇಸ್ ಕಿಣ್ವಗಳು ನೂರಾರು ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ವರ್ಣತಂತುಗಳು ಸಾಂದ್ರವಾಗಿ, ಅವುಗಳನ್ನು ಎಳೆಯುವ ಸ್ಪಿಂಡಲ್ ಎಂಬ ನೂಲುಗಳ ಚೌಕಟ್ಟು ಕಟ್ಟಿಕೊಂಡು, ಎಲ್ಲ ವರ್ಣತಂತುಗಳೂ ಸಾಲಾಗಿ ನಿಂತವೆಂದು ಖಾತ್ರಿಯಾದ ಮೇಲಷ್ಟೇ ಕೋಶ ಎರಡಾಗುತ್ತದೆ. ಈ ಹಾದಿಗಳನ್ನು ಜೀನ್ ತೆಗೆದು ಓದಲು ಹೊರಟರೆ ಒಂದು ತೊಡಕಿದೆ. ಜೀನ್‌ನ ಸಂದೇಶವನ್ನು ಅಳಿಸುವ ಆರ್‌ಎನ್‌ಎಐ ವಿಧಾನದಿಂದ ಪ್ರೋಟೀನ್ ಇಳಿಯಲು ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಕೋಶ ಹಲವು ಸುತ್ತು ಎಡವಿರುತ್ತದೆ. ಕೊನೆಗೆ ಕಾಣುವುದು ಮೊದಲ ತಪ್ಪೋ, ಅದರ ಬೆನ್ನಿಗೆ ಬಂದ ತಪ್ಪೋ ಹೇಳಲಾಗದು. ಸಣ್ಣ ಅಣು ನಿಮಿಷಗಳಲ್ಲಿ ತನ್ನ ಗುರಿಯನ್ನು ತಡೆಯುತ್ತದೆ, ಬಹುಪಾಲು ಸಂದರ್ಭಗಳಲ್ಲಿ ತೊಳೆದರೆ ಬಿಟ್ಟುಹೋಗುತ್ತದೆ. ಒಂದು ಗಂಟೆಯ ಘಟನೆಯನ್ನು ಓದಲು ಬೇಕಾದ ವೇಗ ಅದು.

ಈ ಬಗೆಯ ಕೆಲಸಕ್ಕೆ ಮಾದರಿ 1999ರಲ್ಲಿ ಹಾರ್ವರ್ಡ್‌ನಲ್ಲಿ ನಡೆದ ಮೊನಾಸ್ಟ್ರಾಲ್ ಸ್ಕ್ರೀನ್. 16,320 ಅಣುಗಳನ್ನು ಕೋಶಗಳ ಮೇಲೆ ಹಾಕಿ, ನ್ಯೂಕ್ಲಿಯೋಲಿನ್ ಎಂಬ ಪ್ರೋಟೀನಿನ, ಮೈಟೋಸಿಸ್‌ಗೇ ವಿಶಿಷ್ಟವಾದ ಫಾಸ್ಫೇಟ್ ರೂಪವನ್ನು ಪ್ರತಿಕಾಯದಿಂದ ಅಳೆದರು. 139 ಅಣುಗಳು ಆ ಸಂಕೇತವನ್ನು ಏರಿಸಿದವು. ಅವುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು, ಸ್ಪಿಂಡಲ್‌ನ ನೂಲುಗಳಾದ ಮೈಕ್ರೋಟ್ಯೂಬ್ಯೂಲ್‌ಗಳನ್ನು ಕಟ್ಟುವ ಟ್ಯೂಬ್ಯುಲಿನ್ ಪ್ರೋಟೀನಿನ ವಿಷಗಳೇ. ಅವನ್ನು ಬದಿಗಿಟ್ಟು, ಉಳಿದವನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಿದಾಗ ಸಿಕ್ಕಿದ್ದು ಮೊನಾಸ್ಟ್ರಾಲ್. ಇಜಿ5 ಎಂಬ ಕೈನೆಸಿನ್ ಮೋಟಾರನ್ನು ಅದು ತಡೆಯುತ್ತದೆ, ಸ್ಪಿಂಡಲ್‌ಗೆ ಎರಡರ ಬದಲು ಒಂದೇ ಧ್ರುವ ಉಳಿಯುತ್ತದೆ. ಆ ಸ್ಕ್ರೀನ್ ಗೆದ್ದಿದ್ದು ಅಣುಗಳ ಸಂಖ್ಯೆಯಿಂದಲ್ಲ. ಎರಡನೆಯ ಹಂತದಲ್ಲಿ ಬೇಡದ್ದನ್ನು ಯಾವ ಕ್ರಮದಲ್ಲಿ ಸೋಸಿದರು ಎಂಬುದರಿಂದ ಗೆದ್ದಿತು. ಈ ಮಾರ್ಗದರ್ಶಿಯ ಹೆಚ್ಚು ಭಾಗ ಆ ಸೋಸುವಿಕೆಗೇ ಮೀಸಲು.

ಪ್ರಶ್ನೆಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

"ವಿಭಜನೆಯನ್ನು ತಡೆಯುವ ಅಣು ಬೇಕು" ಎನ್ನುವುದು ಪ್ರಶ್ನೆಯಲ್ಲ. ಕೋಶವನ್ನು ಕೊಲ್ಲುವ ಪ್ರತಿಯೊಂದು ಅಣುವೂ ವಿಭಜನೆಯನ್ನು ತಡೆಯುತ್ತದೆ. ಕೇಳಬಹುದಾದ ಪ್ರಶ್ನೆಗಳು ನಾಲ್ಕು, ಒಂದೊಂದಕ್ಕೂ ಅಣುವನ್ನು ಇಡುವ ಅವಧಿ ಬೇರೆ.

ಮೈಟೋಸಿಸ್‌ನಲ್ಲಿ ಸಿಕ್ಕಿಸುವ ಅಣು ಬೇಕಿದ್ದರೆ 16 ಗಂಟೆ ಇಟ್ಟು ಮೈಟೋಸಿಸ್‌ನಲ್ಲಿರುವ ಕೋಶಗಳ ಶೇಕಡಾವಾರು ಎಣಿಸಿ. ಮೈಟೋಸಿಸ್‌ಗೆ ಪ್ರವೇಶವನ್ನೇ ತಡೆಯುವ ಅಣು ಬೇಕಿದ್ದರೂ ಅದೇ ಅವಧಿ, ಆದರೆ ಎಣಿಕೆ ಇಳಿಯಬೇಕು. ಚೆಕ್‌ಪಾಯಿಂಟನ್ನು, ಅಂದರೆ ವರ್ಣತಂತುಗಳು ಸರಿಯಾಗಿ ನಿಲ್ಲುವವರೆಗೆ ಕೋಶವನ್ನು ತಡೆದಿಡುವ ಕಾವಲನ್ನು, ಮುರಿಯುವ ಅಣು ಬೇಕಿದ್ದರೆ ಮೊದಲು ಮೈಕ್ರೋಟ್ಯೂಬ್ಯೂಲ್‌ಗಳನ್ನು ಕರಗಿಸುವ ನೊಕೋಡಜೋಲ್‌ನಿಂದ ಕೋಶಗಳನ್ನು ನಿಲ್ಲಿಸಿ, ಆಮೇಲೆ ಅಣು ಹಾಕಿ 4 ಗಂಟೆಯಲ್ಲಿ ಎಷ್ಟು ಕೋಶ ತಪ್ಪಿಸಿಕೊಂಡವು ನೋಡಿ. ಕೋಶದ್ರವ್ಯದ ವಿಭಜನೆ ಸೋಲಬೇಕಿದ್ದರೆ 24ರಿಂದ 48 ಗಂಟೆ ಇಟ್ಟು, ಎರಡು ನ್ಯೂಕ್ಲಿಯಸ್ ಇರುವ ಕೋಶಗಳನ್ನು ಹುಡುಕಿ.

ಇಲ್ಲಿ ವಿವರಿಸುವುದು ಮೊದಲನೆಯದನ್ನು. ಎರಡನೆಯದೂ ಅದೇ ಪ್ಲೇಟಿನಲ್ಲಿ ಅರ್ಧಂಬರ್ಧ ಸಿಗುತ್ತದೆ. 16 ಗಂಟೆ ಏಕೆಂದರೆ, ಆ ಅವಧಿಯಲ್ಲಿ ಮೂರನೇ ಎರಡು ಭಾಗದಷ್ಟು ಹೀಲಾ ಕೋಶಗಳು ಮೈಟೋಸಿಸ್ ತಲುಪಿ ಸಿಕ್ಕಿಕೊಳ್ಳುತ್ತವೆ. 24 ಗಂಟೆ ದಾಟಿದರೆ ಸಿಕ್ಕಿಕೊಂಡವು ಸಾಯತೊಡಗುತ್ತವೆ, ಇಲ್ಲವೇ ವಿಭಜಿಸದೆಯೇ ಮೈಟೋಸಿಸ್‌ನಿಂದ ಜಾರಿ ಹೊರಬರುತ್ತವೆ. ಆಗ ಒಳ್ಳೆಯ ಅಣುವಿಗೂ ಎಣಿಕೆ ಕಡಿಮೆ ಬರುತ್ತದೆ.

ಕೋಶಗಳು

ಹೀಲಾ ಕೋಶ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಿಂದ ಸಿಗುತ್ತದೆ. ಅದರ ಚೆಕ್‌ಪಾಯಿಂಟ್ ಗಟ್ಟಿ, ನಿಂತರೆ ದೀರ್ಘಕಾಲ ನಿಲ್ಲುತ್ತದೆ, ಹಾಗಾಗಿ ಎಣಿಕೆಗೆ ಸ್ಪಷ್ಟ ಅಂತರ ಸಿಗುತ್ತದೆ. ದೋಷವೂ ಉಂಟು: ಪ್ಯಾಪಿಲೋಮಾ ವೈರಸ್‌ನ ಇ6 ಪ್ರೋಟೀನ್, ಕೋಶಚಕ್ರದ ಕಾವಲುಗಾರ ಪ್ರೋಟೀನಾದ ಪಿ53 ಅನ್ನು ಅದರಲ್ಲಿ ನಾಶಮಾಡಿರುತ್ತದೆ. ಆದ್ದರಿಂದ ಹಿಟ್‌ಗಳನ್ನು, ಅಂದರೆ ಸ್ಕ್ರೀನ್‌ನಲ್ಲಿ ಪರಿಣಾಮ ತೋರಿದ ಅಣುಗಳನ್ನು, ಪಿ53 ಸರಿಯಿರುವ ಆರ್‌ಪಿಇ-1 ಕೋಶದಲ್ಲಿ ಮತ್ತೊಮ್ಮೆ ನೋಡಲೇಬೇಕು. ಸ್ಪಿಂಡಲ್ ಚಿತ್ರಗಳಿಗೆ ಯು2ಒಎಸ್ ಒಳ್ಳೆಯದು, ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ.

ಸ್ಕ್ರೀನ್‌ಗೆ ಮುಂಚೆ ಕೋಶಗಳಲ್ಲಿ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ ಮಾಡಿ ನೋಡಿ. ಸೋಂಕು ಇದ್ದರೆ ಕೋಶಚಕ್ರ ನಿಧಾನವಾಗುತ್ತದೆ, ಡಿಎನ್‌ಎಗೆ ಅಂಟುವ ಹೆಕ್ಸ್ಟ್ ಬಣ್ಣದಲ್ಲಿ ನ್ಯೂಕ್ಲಿಯಸ್ ಹೊರಗೆ ಚುಕ್ಕೆಗಳು ಕಾಣುತ್ತವೆ, ಮತ್ತು ಸ್ಕ್ರೀನ್ ಪೂರ್ತಿ ವ್ಯರ್ಥ. ಸ್ಕ್ರೀನ್‌ಗೆ ಎರಡು ದಿನ ಮೊದಲೇ ಫ್ಲಾಸ್ಕ್‌ನ ಕೋಶಗಳು ಅರ್ಧದಿಂದ ಮುಕ್ಕಾಲು ತುಂಬಿದ ಸ್ಥಿತಿಯಲ್ಲಿ ಬೆಳೆಯುತ್ತಿರುವಂತೆ ನೋಡಿಕೊಳ್ಳಿ. ಕಿಕ್ಕಿರಿದು ನಿಂತ ಕೋಶಗಳನ್ನು ಬಿತ್ತಿದರೆ ಮೊದಲ ದಿನ ಅವು ವಿಭಜಿಸುವುದೇ ಇಲ್ಲ.

ಪ್ಲೇಟಿನ ನಕ್ಷೆ

ಕಪ್ಪು ಗೋಡೆ, ಪಾರದರ್ಶಕ ತಳದ, 384 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟ್ ಬಳಸಿ. 16 ಸಾಲು, 24 ಕಂಬಸಾಲು. ಅಂಚಿನ 76 ವೆಲ್‌ಗಳಲ್ಲಿ ಅಣು ಹಾಕಬೇಡಿ, ಬರೀ ಮಾಧ್ಯಮ ತುಂಬಿ. ಅಲ್ಲಿ ನೀರು ಆವಿಯಾಗಿ ಉಪ್ಪಿನ ಸಾಂದ್ರತೆ ಏರುತ್ತದೆ, ಎಣಿಕೆ ಸುಳ್ಳಾಗುತ್ತದೆ. ಉಳಿಯುವುದು 308. ಅದರಲ್ಲಿ ಹಂಚಿಕೆ ಹೀಗೆ:

- ಬರೀ ಡಿಎಂಎಸ್‌ಒ (ಅಣುಗಳನ್ನು ಕರಗಿಸುವ ದ್ರಾವಕ): 24 ವೆಲ್
- ನೊಕೋಡಜೋಲ್ 330 ನ್ಯಾನೋಮೋಲಾರ್ (ಮಿಲಿಲೀಟರ್‌ಗೆ 100 ನ್ಯಾನೋಗ್ರಾಂ): 12 ವೆಲ್
- ಎಸ್‌ಟಿಎಲ್‌ಸಿ 5 ಮೈಕ್ರೋಮೋಲಾರ್, ಇಜಿ5 ತಡೆಗೆ: 8 ವೆಲ್
- ಝಡ್‌ಎಂ447439 2 ಮೈಕ್ರೋಮೋಲಾರ್, ಆರೋರಾ ಬಿ ತಡೆಗೆ: 8 ವೆಲ್
- ಪರೀಕ್ಷೆಯ ಅಣುಗಳು: 256 ವೆಲ್

ಕಂಟ್ರೋಲ್‌ಗಳನ್ನು, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ಮೊದಲ ನಾಲ್ಕು ಬಗೆಯ ವೆಲ್‌ಗಳನ್ನು, ಒಂದೇ ಕಂಬಸಾಲಿನಲ್ಲಿ ಜೋಡಿಸುವುದು ಸುಲಭ, ಆದರೆ ತಪ್ಪು. ಆ ಭಾಗದಲ್ಲಿ ಕೋಶ ಕಡಿಮೆ ಬಿದ್ದರೆ ಇಡೀ ಪ್ಲೇಟಿನ ಅಳತೆಗೋಲೇ ವಾಲುತ್ತದೆ. ಪ್ಲೇಟಿನುದ್ದಕ್ಕೂ ಚದುರಿಸಿ.

ಯಾವ ಸಂಗ್ರಹ ಬಳಸಬೇಕು? ಮೊದಲ ಸಲವಾದರೆ ಗುರಿ ಗೊತ್ತಿರುವ ಕೆಲವು ನೂರು ಕೈನೇಸ್ ತಡೆಗಳ ಸಂಗ್ರಹದಿಂದ ಶುರುಮಾಡಿ. ಬಿಐ 2536 ಪಿಎಲ್‌ಕೆ1 ತಡೆಯೆಂದು, ಆರ್‌ಒ-3306 ಸಿಡಿಕೆ1 ತಡೆಯೆಂದು ನಿಮ್ಮ ಸ್ಕ್ರೀನ್ ತಾನಾಗಿ ಗುರುತಿಸಬೇಕು. ಗುರುತಿಸದಿದ್ದರೆ 10,000 ಹೊಸ ಅಣುಗಳ ಮೇಲೆ ಹಣ ಸುರಿದು ಪ್ರಯೋಜನವಿಲ್ಲ.

ಅಣುಗಳನ್ನು ಕಾಪಾಡುವುದು

ಸಾಮಾನ್ಯ ರೂಢಿ ಡಿಎಂಎಸ್‌ಒನಲ್ಲಿ 10 ಮಿಲಿಮೋಲಾರ್, ಮೈನಸ್ 20 ಡಿಗ್ರಿಯಲ್ಲಿ. ಡಿಎಂಎಸ್‌ಒ ಗಾಳಿಯ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಮಂಗಳೂರು, ಮಣಿಪಾಲದಂತಹ ಕಡೆ ತೆರೆದಿಟ್ಟ ಪ್ಲೇಟ್ ಕೆಲವೇ ಗಂಟೆಗಳಲ್ಲಿ ಗಣನೀಯವಾಗಿ ನೀರು ಕುಡಿಯುತ್ತದೆ. ನೀರು ಸೇರಿದಂತೆ ಕರಗದ ಅಣು ತಳಕ್ಕಿಳಿಯುತ್ತದೆ, ನೀವು 10 ಮೈಕ್ರೋಮೋಲಾರ್ ಎಂದು ಬರೆದುಕೊಂಡದ್ದು 3 ಆಗಿರಬಹುದು. ಪ್ಲೇಟನ್ನು ಮುಚ್ಚಿದ ಸ್ಥಿತಿಯಲ್ಲೇ ಕೋಣೆಯ ಉಷ್ಣಕ್ಕೆ ತನ್ನಿ, ಹನಿಗಟ್ಟಿದ ನೀರನ್ನು ಒರೆಸಿ, ನಿಮಿಷಕ್ಕೆ 1000 ಸುತ್ತಿನಲ್ಲಿ ಒಂದು ನಿಮಿಷ ತಿರುಗಿಸಿ, ಆಮೇಲಷ್ಟೇ ಸೀಲ್ ತೆಗೆಯಿರಿ. ಶುದ್ಧ ಡಿಎಂಎಸ್‌ಒ ಹೆಪ್ಪುಗಟ್ಟುವುದು 18.5 ಡಿಗ್ರಿಯಲ್ಲಿ. ಎಸಿ ಜೋರಾಗಿರುವ ಕೋಣೆಯಲ್ಲಿ ಅರ್ಧ ಕರಗಿದ ಸ್ಥಿತಿಯಲ್ಲೇ ಪಿಪೆಟ್ ಮಾಡುವ ಅಪಾಯವಿದೆ. ಚಿಕ್ಕ ಚಿಕ್ಕ ಪ್ರತಿಗಳಾಗಿ ಹಂಚಿಟ್ಟರೆ ಪದೇಪದೇ ಕರಗಿಸುವ ಅಗತ್ಯವೇ ಬರುವುದಿಲ್ಲ.

ಕೈಗೆ ಒಳ್ಳೆಯ ಕೈಗವಸು ಇರಲಿ. ಡಿಎಂಎಸ್‌ಒ ತನ್ನಲ್ಲಿ ಕರಗಿದ್ದನ್ನು ಚರ್ಮದೊಳಗೆ ಒಯ್ಯುತ್ತದೆ, ನೀವು ಕೈಯಲ್ಲಿ ಹಿಡಿದಿರುವುದು ಕೋಶ ವಿಭಜನೆಯನ್ನು ನಿಲ್ಲಿಸುವ ವಿಷಗಳ ಸಾಲು.

ಬಿತ್ತನೆ, ಅಣು ಸೇರಿಸುವುದು

ಮಿಲಿಲೀಟರ್‌ಗೆ 40,000 ಕೋಶಗಳಿರುವಂತೆ ತಯಾರಿಸಿ, ವೆಲ್‌ಗೆ 45 ಮೈಕ್ರೋಲೀಟರ್ ಹಾಕಿ, ಅಂದರೆ 1,800 ಕೋಶ. ಒಂದು ಪ್ಲೇಟಿಗೆ ವ್ಯರ್ಥವಾಗುವುದೂ ಸೇರಿ 22 ಮಿಲಿಲೀಟರ್ ಬೇಕು. ಹತ್ತು ಪ್ಲೇಟಿಗೆ 88 ಲಕ್ಷ ಕೋಶ, ಟಿ75 ಫ್ಲಾಸ್ಕ್ ಎರಡು ಸಾಕು. ಕೋಶಗಳು ತೊಟ್ಟಿಯ ತಳಕ್ಕೆ ಇಳಿಯುತ್ತಲೇ ಇರುತ್ತವೆ. ಪ್ರತಿ ಪ್ಲೇಟಿಗೂ ಮುಂಚೆ ಮೆಲ್ಲಗೆ ಕಲಕದಿದ್ದರೆ ಮೊದಲ ಪ್ಲೇಟಿಗೂ ಕೊನೆಯದಕ್ಕೂ ಕೋಶಸಂಖ್ಯೆ ಎರಡರಷ್ಟು ವ್ಯತ್ಯಾಸವಾಗಬಹುದು.

ಬಿತ್ತಿದ ಕೂಡಲೇ ಇನ್‌ಕ್ಯುಬೇಟರ್‌ಗೆ ನುಗ್ಗಿಸಬೇಡಿ. ಸಮತಟ್ಟಾದ ಮೇಜಿನ ಮೇಲೆ, ಒಂದರ ಮೇಲೊಂದು ಪೇರಿಸದೆ, 45 ನಿಮಿಷ ಬಿಡಿ. ತಣ್ಣಗಿನ ಪ್ಲೇಟ್ ಬಿಸಿ ಜಾಗಕ್ಕೆ ಹೋದಾಗ ಅಂಚಿನ ವೆಲ್‌ಗಳು ಮೊದಲು ಬೆಚ್ಚಗಾಗಿ, ಒಳಗಿನ ದ್ರವ ಸುಳಿದು, ಕೋಶಗಳು ವೆಲ್‌ನ ಒಂದು ಮೂಲೆಯಲ್ಲಿ ಗುಂಪಾಗುತ್ತವೆ. ಮೇಜಿನ ಮೇಲೆ ಕೋಶಗಳು ತಳ ಹಿಡಿದುಕೊಂಡರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ. ಖರ್ಚಿಲ್ಲದ ಈ ಒಂದು ಹೆಜ್ಜೆಯಿಂದ ಆಗುವ ಸುಧಾರಣೆ ದುಬಾರಿ ರೋಬೋಟಿನಿಂದಲೂ ಆಗುವುದಿಲ್ಲ.

24 ಗಂಟೆಯ ನಂತರ ಅಣು. ಸೂಜಿತುದಿಗಳಿಂದ ಸಣ್ಣ ಹನಿ ಒಯ್ಯುವ ಪಿನ್ ಸಾಧನವಿದ್ದರೆ, ವೆಲ್‌ನಲ್ಲಿ ಮಾಧ್ಯಮ 50 ಮೈಕ್ರೋಲೀಟರ್ ಇರುವಂತೆ ಮಾಡಿ ಅದಕ್ಕೆ 50 ನ್ಯಾನೋಲೀಟರ್, ನೇರವಾಗಿ ಸಾವಿರದ ಒಂದು ಪಾಲು. ಇಲ್ಲದಿದ್ದರೆ ಎರಡು ಹಂತ: 99 ಮೈಕ್ರೋಲೀಟರ್ ಮಾಧ್ಯಮಕ್ಕೆ 1 ಮೈಕ್ರೋಲೀಟರ್ ಅಣುದ್ರಾವಣ ಹಾಕಿದರೆ 100 ಮೈಕ್ರೋಮೋಲಾರ್. ಇದರ 5 ಮೈಕ್ರೋಲೀಟರನ್ನು 45 ಮೈಕ್ರೋಲೀಟರ್‌ನ ಕೋಶಗಳಿಗೆ ಸೇರಿಸಿದರೆ ಕೊನೆಗೆ 10 ಮೈಕ್ರೋಮೋಲಾರ್, ಡಿಎಂಎಸ್‌ಒ 0.1%. ನಡುವಿನ ದ್ರಾವಣವನ್ನು ಅರ್ಧ ಗಂಟೆಯೊಳಗೆ ಬಳಸಿ, ನಿಂತಷ್ಟೂ ಅಣು ಗಸಿಯಾಗುತ್ತದೆ. ಕಂಟ್ರೋಲ್‌ಗಳಿಗೂ ಇದೇ ದಾರಿ: 1% ಡಿಎಂಎಸ್‌ಒ ಇರುವ ಮಾಧ್ಯಮದ 5 ಮೈಕ್ರೋಲೀಟರ್. ಡಿಎಂಎಸ್‌ಒ 0.5% ದಾಟಿದರೆ ಅದೇ ಕೋಶಚಕ್ರವನ್ನು ನಿಧಾನಗೊಳಿಸತೊಡಗುತ್ತದೆ.

ಸ್ಥಿರೀಕರಣ: ಹೆಚ್ಚಿನ ಸ್ಕ್ರೀನ್‌ಗಳು ಸೋಲುವ ಜಾಗ

ಸ್ಥಿರೀಕರಣವೆಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ರಾಸಾಯನಿಕದಿಂದ ಹಿಡಿದಿಡುವುದು. ಮೈಟೋಸಿಸ್‌ನಲ್ಲಿರುವ ಕೋಶ ದುಂಡಗಾಗಿ ತಳದ ಹಿಡಿತ ಸಡಿಲಿಸುತ್ತದೆ. ಸಂಶೋಧಕರು ಮೈಟೋಸಿಸ್ ಕೋಶಗಳನ್ನು ಶೇಖರಿಸುವುದೇ ಫ್ಲಾಸ್ಕನ್ನು ಕುಲುಕಿ. ಅಂಥದ್ದರಲ್ಲಿ ಸ್ಕ್ರೀನ್ ಪ್ಲೇಟನ್ನು ಮೊದಲೇ ಪಿಬಿಎಸ್ ಎಂಬ ಉಪ್ಪುದ್ರಾವಣದಿಂದ ತೊಳೆದರೆ ಹುಡುಕುತ್ತಿದ್ದ ಕೋಶಗಳೇ ಚರಂಡಿಗೆ ಹೋಗುತ್ತವೆ. ನೊಕೋಡಜೋಲ್ ವೆಲ್‌ನಲ್ಲಿ 60% ಬರಬೇಕಾದ ಎಣಿಕೆ 15% ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಆದ್ದರಿಂದ ಮಾಧ್ಯಮ ತೆಗೆಯದೆಯೇ ಪ್ಲೇಟನ್ನು 200 ಜಿ ಬಲದಲ್ಲಿ 2 ನಿಮಿಷ ತಿರುಗಿಸಿ. 16% ಮೆಥನಾಲ್‌ರಹಿತ ಫಾರ್ಮಾಲ್ಡಿಹೈಡ್ ಮೂರು ಪಾಲಿಗೆ ಹತ್ತು ಪಟ್ಟು ಸಾಂದ್ರ ಪಿಬಿಎಸ್ ಮತ್ತು ನೀರು ಸೇರಿ ಒಂದು ಪಾಲು ಬೆರೆಸಿ 12% ಮಾಡಿಕೊಂಡು, 37 ಡಿಗ್ರಿಗೆ ಬೆಚ್ಚಗೆ ಮಾಡಿ, 50 ಮೈಕ್ರೋಲೀಟರ್ ಇರುವ ವೆಲ್‌ಗೆ 25 ಮೈಕ್ರೋಲೀಟರ್ ನಿಧಾನವಾಗಿ ಸೇರಿಸಿ. ಕೊನೆಯ ಸಾಂದ್ರತೆ 4%. 20 ನಿಮಿಷ, ಹೊಗೆ ಹೊರಹೋಗುವ ಹುಡ್‌ನಲ್ಲಿ. ತಣ್ಣಗಿನ ದ್ರವ ಹಾಕಿದರೆ ಮೈಕ್ರೋಟ್ಯೂಬ್ಯೂಲ್‌ಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ಎಲ್ಲ ವೆಲ್‌ಗಳೂ ನೊಕೋಡಜೋಲ್ ಹಾಕಿದಂತೆ ಕಾಣುತ್ತವೆ.

ತೊಳೆಯುವಾಗ ಪಿಪೆಟ್ ತುದಿ ತಳ ಮುಟ್ಟಬಾರದು. ಪ್ರತಿ ಸಲ ವೆಲ್‌ನಲ್ಲಿ 20 ಮೈಕ್ರೋಲೀಟರ್ ಬಿಡಿ. ಹಾಗೆ ಬಿಟ್ಟ ದ್ರವ ನೀವು ಸೇರಿಸುವ ಪ್ರತಿಯೊಂದನ್ನೂ ಅರ್ಧಕ್ಕೆ ಇಳಿಸುತ್ತದೆ, ಹಾಗಾಗಿ ಮುಂದಿನ ಎಲ್ಲ ದ್ರಾವಣಗಳನ್ನೂ ಎರಡರಷ್ಟು ಸಾಂದ್ರವಾಗಿ ಮಾಡಿ 20 ಮೈಕ್ರೋಲೀಟರ್ ಹಾಕಿ. ಕೆಳಗಿನ ಅಂಕಿಗಳು ವೆಲ್‌ನಲ್ಲಿ ಕೊನೆಗೆ ಇರಬೇಕಾದವು:

1. ಟ್ರೈಟಾನ್ ಎಕ್ಸ್-100 0.2%, 10 ನಿಮಿಷ.
2. ಬಿಎಸ್‌ಎ 2%, 30 ನಿಮಿಷ.
3. ಮೊಲದ ಫಾಸ್ಫೋ-ಹಿಸ್ಟೋನ್ ಎಚ್3 (ಸೆರಿನ್ 10) ಪ್ರತಿಕಾಯ 1:1000, ಇಲಿಯ ಆಲ್ಫಾ ಟ್ಯೂಬ್ಯುಲಿನ್ ಪ್ರತಿಕಾಯ ಡಿಎಂ1ಎ 1:1000, ಜೊತೆಯಾಗಿ. ಕೋಣೆಯಲ್ಲಿ 2 ಗಂಟೆ ಅಥವಾ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಹೊಸ ಬಾಟಲಿ ಬಂದಾಗಲೆಲ್ಲ 1:500ರಿಂದ 1:4000ರವರೆಗೆ ಪರೀಕ್ಷಿಸಿ ಆರಿಸಿ.
4. ಮೂರು ತೊಳೆತ.
5. ಎರಡು ಬಣ್ಣದ ದ್ವಿತೀಯ ಪ್ರತಿಕಾಯಗಳು ಮತ್ತು ಹೆಕ್ಸ್ಟ್ 33342 ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ, ಕತ್ತಲಲ್ಲಿ 45 ನಿಮಿಷ.
6. ಮೂರು ತೊಳೆತ, ಪಿಬಿಎಸ್ ತುಂಬಿ ಸೀಲ್ ಮಾಡಿ.

ಮೈಟೋಸಿಸ್ ಗುರುತಿಸಲು ಬಳಸುವ ಫಾಸ್ಫೋ-ಎಚ್3 (ಫಾಸ್ಫೇಟ್ ಅಂಟಿದ ಹಿಸ್ಟೋನ್ ಎಚ್3) ಬಗ್ಗೆ ಒಂದು ಎಚ್ಚರಿಕೆ. ಸೆರಿನ್ 10ಕ್ಕೆ ಫಾಸ್ಫೇಟ್ ಅಂಟಿಸುವುದೇ ಆರೋರಾ ಬಿ. ಹಾಗಾಗಿ ಆರೋರಾ ಬಿಯನ್ನು ತಡೆಯುವ ಅಣು ಕೋಶವನ್ನು ಮೈಟೋಸಿಸ್‌ನಲ್ಲಿ ಗೊಂದಲಕ್ಕೆ ಕೆಡವಿದರೂ ಈ ಪ್ರತಿಕಾಯಕ್ಕೆ ಅದು ಮೈಟೋಸಿಸ್‌ನಂತೆ ಕಾಣುವುದಿಲ್ಲ. ಇದಕ್ಕೆಂದೇ ಝಡ್‌ಎಂ447439 ಕಂಟ್ರೋಲ್ ಇಟ್ಟಿದ್ದೇವೆ. ಮೈಟೋಸಿಸ್‌ನಲ್ಲಿ ಫಾಸ್ಫೇಟ್ ಪಡೆಯುವ ಹಲವು ಪ್ರೋಟೀನ್‌ಗಳನ್ನು ಗುರುತಿಸುವ ಎಂಪಿಎಂ-2 ಪ್ರತಿಕಾಯ ಬಳಸಿದರೆ ಈ ಕುರುಡುತನ ಬಹುಮಟ್ಟಿಗೆ ನೀಗುತ್ತದೆ, ಆದರೆ ಹಿನ್ನೆಲೆ ಹೆಚ್ಚು. ಎಚ್3 ಜೊತೆಗೆ ನ್ಯೂಕ್ಲಿಯಸ್ಸಿನ ವಿಸ್ತೀರ್ಣವನ್ನೂ ಅಳೆದರೆ ಸಾಮಾನ್ಯವಾಗಿ ಸಾಕು: ಆರೋರಾ ಬಿ ತಡೆಯಲ್ಲಿ ಎಚ್3 ಕುಸಿದು, ಕೋಶ ಎರಡಾಗದೆ ಉಳಿದು, ದೊಡ್ಡ ಹಾಲೆಹಾಲೆಯ ನ್ಯೂಕ್ಲಿಯಸ್ ಕಾಣುತ್ತದೆ.

ಚಿತ್ರ, ಎಣಿಕೆ, ಅಂಕಿ

10ಎಕ್ಸ್ ಲೆನ್ಸ್‌ನಲ್ಲಿ ವೆಲ್‌ಗೆ ನಾಲ್ಕು ಕ್ಷೇತ್ರ, ಕನಿಷ್ಠ 1,000 ಕೋಶ. ಈ ಸಂಖ್ಯೆಗೆ ಕಾರಣವಿದೆ. ಸಹಜ ಸ್ಥಿತಿಯಲ್ಲಿ 4% ಕೋಶ ಮೈಟೋಸಿಸ್‌ನಲ್ಲಿರುತ್ತವೆ. 200 ಕೋಶ ಎಣಿಸಿದರೆ ಅವು 8, ಬರೀ ಆಕಸ್ಮಿಕದಿಂದ ಆಗುವ ಏರಿಳಿತ ಸುಮಾರು 3. 1,000 ಎಣಿಸಿದರೆ 40, ಏರಿಳಿತ ಸುಮಾರು 6. ಮೊದಲನೆಯದರಲ್ಲಿ ಮೂರರಲ್ಲೊಂದು ಪಾಲು ಗದ್ದಲ, ಎರಡನೆಯದರಲ್ಲಿ ಆರರಲ್ಲೊಂದು. ಪ್ರವೇಶ ತಡೆಯುವ ಅಣುಗಳು ಎಣಿಕೆಯನ್ನು ಇಳಿಸುವುದರಿಂದ, ಅಲ್ಲಿ ಈ ಲೆಕ್ಕ ಇನ್ನೂ ಮುಖ್ಯ.

ಸೆಲ್‌ಪ್ರೊಫೈಲರ್ ಉಚಿತ ತಂತ್ರಾಂಶ, ಈ ಕೆಲಸಕ್ಕೆ ಪೂರ್ತಿ ಸಾಕು. ಬೆಳಕಿನ ಅಸಮತೆ ಸರಿಪಡಿಸಿ, ಹೆಕ್ಸ್ಟ್ ಚಿತ್ರದಿಂದ ನ್ಯೂಕ್ಲಿಯಸ್ ಗುರುತಿಸಿ, ಪ್ರತಿಯೊಂದಕ್ಕೂ ವಿಸ್ತೀರ್ಣ, ಒಟ್ಟು ಹೆಕ್ಸ್ಟ್, ಎಚ್3 ತೀವ್ರತೆ ಬರೆಸಿ. ಎಚ್3 ಗಡಿಯನ್ನು ಆಯಾ ಪ್ಲೇಟಿನ ಡಿಎಂಎಸ್‌ಒ ವೆಲ್‌ಗಳಿಂದಲೇ ನಿಗದಿ ಮಾಡಿ. ಕೋಶಸಂಖ್ಯೆ ಡಿಎಂಎಸ್‌ಒನ ಅರ್ಧಕ್ಕಿಂತ ಕಡಿಮೆಯಿದ್ದರೆ ಆ ವೆಲ್‌ನ ಶೇಕಡಾವಾರನ್ನು ನಂಬಬೇಡಿ, ಬೇರೆ ಗುರುತು ಹಾಕಿ.

ಪ್ಲೇಟ್ ಸ್ವೀಕಾರಾರ್ಹವೇ ಎಂಬುದನ್ನು ಝಡ್-ಪ್ರೈಮ್ ಹೇಳುತ್ತದೆ: ಎರಡು ಕಂಟ್ರೋಲ್‌ಗಳ ಪ್ರಮಾಣಿತ ವಿಚಲನೆಗಳನ್ನು ಕೂಡಿ, ಮೂರರಿಂದ ಗುಣಿಸಿ, ಅವುಗಳ ಸರಾಸರಿಗಳ ವ್ಯತ್ಯಾಸದಿಂದ ಭಾಗಿಸಿ, 1ರಿಂದ ಕಳೆಯುವುದು. ಡಿಎಂಎಸ್‌ಒ 4%, ವಿಚಲನೆ 1. ನೊಕೋಡಜೋಲ್ 60%, ವಿಚಲನೆ 6 ಎಂದಿಟ್ಟುಕೊಳ್ಳಿ. 7ರ ಮೂರುಪಟ್ಟು 21, ಅದನ್ನು 56ರಿಂದ ಭಾಗಿಸಿದರೆ 0.375, ಝಡ್-ಪ್ರೈಮ್ 0.625. 0.5 ಮೇಲಿದ್ದರೆ ಮುಂದುವರಿಯಿರಿ. ಕೆಳಗಿದ್ದರೆ ಆ ಪ್ಲೇಟನ್ನು ಮತ್ತೆ ಮಾಡಿ. ಅಂಕಿಗಳನ್ನು ತಿದ್ದಿ ಅದನ್ನು ಉಳಿಸಿಕೊಳ್ಳುವ ಆಸೆ ಬೇಡ.

ಹಿಟ್ ಆರಿಸಲು ಸರಾಸರಿಯ ಬದಲು ಮಧ್ಯಕ ಬಳಸಿ, ಏಕೆಂದರೆ ನಾಲ್ಕೈದು ಬಲವಾದ ಹಿಟ್‌ಗಳೇ ಸರಾಸರಿಯನ್ನು ಎಳೆದುಬಿಡುತ್ತವೆ. ವೆಲ್‌ನ ಅಂಕಿಯಿಂದ ಪ್ಲೇಟಿನ ಮಧ್ಯಕ ಕಳೆದು, ಮಧ್ಯಕದಿಂದ ಇರುವ ನಿರಪೇಕ್ಷ ದೂರಗಳ ಮಧ್ಯಕವನ್ನು 1.4826ರಿಂದ ಗುಣಿಸಿ ಬಂದದ್ದರಿಂದ ಭಾಗಿಸಿ. ಉತ್ತರ 3 ಮೀರಿದ್ದು ಹಿಟ್. ಹತ್ತು ಪ್ಲೇಟಿನ 2,560 ಅಣುಗಳಲ್ಲಿ ಬರೀ ಆಕಸ್ಮಿಕದಿಂದ ಮೂರು ನಾಲ್ಕು ಬರುತ್ತವೆ. ಇಡೀ ಸ್ಕ್ರೀನನ್ನು ಬೇರೆ ದಿನ ಎರಡನೇ ಸಲ ಮಾಡಿ, ಎರಡರಲ್ಲೂ ಬಂದದ್ದನ್ನು ಮಾತ್ರ ಉಳಿಸಿ. ಮತ್ತು ಪ್ರತಿ ಹಿಟ್‌ನ ಚಿತ್ರವನ್ನು ಕಣ್ಣಾರೆ ನೋಡಿ. ಸಾಯುತ್ತಿರುವ ಕೋಶದ ಸಾಂದ್ರ ಚೂರುಗಳಿಗೆ ಪ್ರತಿಕಾಯ ಅಂಟಿಕೊಂಡಿದ್ದನ್ನು ತಂತ್ರಾಂಶ ಮೈಟೋಸಿಸ್ ಎಂದೇ ಎಣಿಸುತ್ತದೆ.

ಸೋಸುವುದು, ಇದೇ ಕ್ರಮದಲ್ಲಿ

ಮೊದಲು ಬೆಳಗುವ ಅಣುಗಳು ಹೋಗಲಿ. ಪ್ರತಿಕಾಯವಿಲ್ಲದ ವೆಲ್‌ನಲ್ಲಿ ಅಣುವನ್ನಷ್ಟೇ ಹಾಕಿ ಮೂರೂ ಬಣ್ಣದಲ್ಲಿ ಚಿತ್ರ ತೆಗೆಯಿರಿ. ನಮ್ಮಲ್ಲಿ ಗಿಡಮೂಲಿಕೆ ಸಾರಗಳನ್ನು ಪರೀಕ್ಷಿಸುವವರು ಬಹಳ. ಅವರು ವಿಶೇಷವಾಗಿ ಗಮನಿಸಬೇಕಾದ್ದು ಅರಿಶಿನದ ಕರ್ಕ್ಯುಮಿನ್. ಅದು ತಾನೇ ಹಸಿರಾಗಿ ಬೆಳಗುತ್ತದೆ, ತಟಸ್ಥ ಪಿಎಚ್‌ನ ಬಫರ್‌ನಲ್ಲಿ ಬೇಗ ಒಡೆಯುತ್ತದೆ, ಹತ್ತಾರು ಪ್ರೋಟೀನ್‌ಗಳೊಂದಿಗೆ ವಿವೇಚನೆಯಿಲ್ಲದೆ ಪ್ರತಿಕ್ರಿಯಿಸುತ್ತದೆ. ಕ್ವಿನೋನ್, ಕ್ಯಾಟೆಕಾಲ್, ರೋಡನೀನ್ ಗುಂಪುಗಳಿರುವ ಅಣುಗಳದ್ದೂ ಇದೇ ಸ್ವಭಾವ. ಇಂಥವು ಯಾವ ಸ್ಕ್ರೀನ್‌ನಲ್ಲೂ ಹಿಟ್ ಆಗುತ್ತವೆ, ಹಾಗಾಗಿ ಯಾವ ಹಾದಿಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಎರಡನೆಯದು ಟ್ಯೂಬ್ಯುಲಿನ್. ಗಿಡಗಳು ಈ ಗುರಿಯನ್ನು ಮತ್ತೆ ಮತ್ತೆ ಕಂಡುಕೊಂಡಿವೆ: ನಮ್ಮ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಕಾಲ್ಚಿಸಿನ್, ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್, ಯೂ ಮರದ ಟ್ಯಾಕ್ಸಾಲ್. ಮೈಟೋಸಿಸ್‌ನಲ್ಲಿ ಸಿಕ್ಕಿಸುವ ಹಿಟ್‌ಗಳಲ್ಲಿ ದೊಡ್ಡ ಪಾಲು ಇವುಗಳ ನೆಂಟರೇ. ಗುರುತಿಸುವುದು ಕಷ್ಟವಲ್ಲ. ಅದೇ ವೆಲ್‌ನಲ್ಲಿ ಮೈಟೋಸಿಸ್‌ನಲ್ಲಿಲ್ಲದ, ಹರಡಿಕೊಂಡ ಕೋಶಗಳನ್ನು 40ಎಕ್ಸ್‌ನಲ್ಲಿ ನೋಡಿ. ಮೈಕ್ರೋಟ್ಯೂಬ್ಯೂಲ್ ಜಾಲ ಕರಗಿ ಮಂಜಾಗಿದ್ದರೆ ಕಾಲ್ಚಿಸಿನ್ ಬಗೆ, ದಪ್ಪ ಕಟ್ಟುಗಳಾಗಿದ್ದರೆ ಟ್ಯಾಕ್ಸಾಲ್ ಬಗೆ. ಜಾಲ ಸಹಜವಾಗಿದ್ದು ಸ್ಪಿಂಡಲ್ ಮಾತ್ರ ಕೆಟ್ಟಿದ್ದರೆ ನೀವು ಹುಡುಕುತ್ತಿದ್ದ ಅಣು ಅದು. ಸಂದೇಹ ಉಳಿದರೆ ಆಡಿನ ಮೆದುಳಿನಿಂದ ಶುದ್ಧಗೊಳಿಸಿದ ಟ್ಯೂಬ್ಯುಲಿನ್ ಮಿಲಿಲೀಟರ್‌ಗೆ 3 ಮಿಲಿಗ್ರಾಂ, ಜಿಟಿಪಿ 1 ಮಿಲಿಮೋಲಾರ್, ಗ್ಲಿಸರಾಲ್ 10%, 37 ಡಿಗ್ರಿಯಲ್ಲಿಟ್ಟು 340 ನ್ಯಾನೋಮೀಟರ್‌ನಲ್ಲಿ ಮಸುಕು ಏರುವುದನ್ನು ಒಂದು ಗಂಟೆ ಅಳೆಯಿರಿ.

ಎಣಿಕೆ ಇಳಿಸಿದ ಹಿಟ್‌ಗಳಿಗೆ ಬೇರೆ ಜರಡಿ. ಡಿಎನ್‌ಎಗೆ ಗಾಯವಾದರೂ ಕೋಶ ಮೈಟೋಸಿಸ್‌ಗೆ ಮುಂಚಿನ ಜಿ2 ಹಂತದಲ್ಲೇ ನಿಲ್ಲುತ್ತದೆ, ಎಣಿಕೆ ಇಳಿಯುತ್ತದೆ, ಸಿಡಿಕೆ1 ತಡೆಯಂತೆಯೇ ಕಾಣುತ್ತದೆ. ಪಶ್ಚಿಮ ಘಟ್ಟದ ದುರ್ವಾಸನೆ ಮರದ ಕ್ಯಾಂಪ್ಟೋಥೆಸಿನ್ ಇದಕ್ಕೆ ಒಳ್ಳೆಯ ಉದಾಹರಣೆ, ಅದು ತಡೆಯುವುದು ಟೋಪೋಐಸೋಮರೇಸ್ 1 ಅನ್ನು. ಗಾಮಾ-ಎಚ್2ಎಎಕ್ಸ್ ಪ್ರತಿಕಾಯದ ಚುಕ್ಕೆಗಳು ಕಂಡರೆ ಗಾಯ ಎಂದರ್ಥ, ಆ ಅಣುವನ್ನು ಪಕ್ಕಕ್ಕಿಡಿ.

ಉಳಿದವನ್ನು ಪುಡಿಯಾಗಿ ಹೊಸದಾಗಿ ತರಿಸಿ, ಎಲ್‌ಸಿ-ಎಂಎಸ್‌ನಲ್ಲಿ ಗುರುತು ಮತ್ತು ಶುದ್ಧತೆ ಖಚಿತಪಡಿಸಿ. ಹಳೆಯ ಪ್ಲೇಟಿನ ಹಿಟ್ ಎಷ್ಟೋ ಸಲ ಒಡೆದುಹೋದ ಉತ್ಪನ್ನದ್ದಾಗಿರುತ್ತದೆ. 30 ಮೈಕ್ರೋಮೋಲಾರ್‌ನಿಂದ ಮೂರುಪಟ್ಟು ಇಳಿಸುತ್ತ 10 ಬಿಂದು ಮಾಡಿದರೆ 1.5 ನ್ಯಾನೋಮೋಲಾರ್‌ವರೆಗೆ ಸಿಗುತ್ತದೆ. ರೇಖೆ ಗೋಡೆಯಂತೆ ಕಡಿದಾಗಿ ಏರಿದರೆ ಅಣುಗಳು ಗುಂಪುಕಟ್ಟಿ ಪ್ರೋಟೀನನ್ನು ಹೀರಿಕೊಳ್ಳುತ್ತಿರಬಹುದು. ಕಿಣ್ವ ಪರೀಕ್ಷೆಯಲ್ಲಿ 0.01% ಟ್ರೈಟಾನ್ ಸೇರಿಸಿದಾಗ ಪರಿಣಾಮ ಮಾಯವಾದರೆ ಅದೇ ಕಾರಣ.

ರೂಪದಿಂದ ಹಾದಿಗೆ

ಈಗ ಕೈಯಲ್ಲಿ ಉಳಿದಿರುವುದು ಬೆರಳೆಣಿಕೆಯ ಅಣುಗಳು. ಇವುಗಳನ್ನು 60ಎಕ್ಸ್ ಅಥವಾ 100ಎಕ್ಸ್‌ನಲ್ಲಿ ನಿಧಾನವಾಗಿ ಓದಿ.

ವರ್ಣತಂತುಗಳು ಉಂಗುರವಾಗಿ, ನಡುವೆ ಒಂದೇ ಧ್ರುವ: ಇಜಿ5 ಅಥವಾ ಪಿಎಲ್‌ಕೆ1 ಇರಬಹುದು, ಕೆಲವೊಮ್ಮೆ ಆರೋರಾ ಎ. ಧ್ರುವಗಳಲ್ಲಿರುವ ಸೆಂಟ್ರೋಸೋಮ್‌ಗಳನ್ನು ತೋರಿಸುವ ಗಾಮಾ ಟ್ಯೂಬ್ಯುಲಿನ್ ಬಣ್ಣ ಹಾಕಿದರೆ ಬೇರ್ಪಡಿಸಬಹುದು. ಇಜಿ5 ತಡೆಯಲ್ಲಿ ಸೆಂಟ್ರೋಸೋಮ್‌ಗಳು ದಪ್ಪವಾಗಿ, ಪ್ರಬುದ್ಧವಾಗಿಯೇ ಇರುತ್ತವೆ, ದೂರ ಸರಿದಿರುವುದಿಲ್ಲ ಅಷ್ಟೆ. ಪಿಎಲ್‌ಕೆ1 ತಡೆಯಲ್ಲಿ ಗಾಮಾ ಟ್ಯೂಬ್ಯುಲಿನ್ ಮಂಕಾಗಿ, ಸೆಂಟ್ರೋಸೋಮ್ ಬಲಿತಿರುವುದಿಲ್ಲ.

ಎರಡು ಧ್ರುವ ಸರಿಯಿದೆ, ವರ್ಣತಂತುಗಳೂ ಸಾಲಾಗಿ ನಿಂತಿವೆ, ಆದರೂ ಮುಂದೆ ಹೋಗುತ್ತಿಲ್ಲ: ಪ್ರೋಟೀನ್‌ಗಳಿಗೆ ನಾಶದ ಗುರುತು ಹಾಕುವ ಎಪಿಸಿ ಸಂಕೀರ್ಣವನ್ನೋ, ಗುರುತಾದವನ್ನು ಒಡೆಯುವ ಪ್ರೋಟಿಯಾಸೋಮನ್ನೋ ಅನುಮಾನಿಸಿ. ಹೋಲಿಕೆಗೆ ಎಪಿಸಿ ತಡೆ ಪ್ರೊಟೇಮ್ 12 ಮೈಕ್ರೋಮೋಲಾರ್, ಪ್ರೋಟಿಯಾಸೋಮ್ ತಡೆ ಎಂಜಿ132 10 ಮೈಕ್ರೋಮೋಲಾರ್.

ಚೆಕ್‌ಪಾಯಿಂಟ್ ಮುರಿಯುವ ಅಣುಗಳಲ್ಲಿ ಆರೋರಾ ಬಿ ಯಾವುದು, ಎಂಪಿಎಸ್1 ಯಾವುದು ಎಂದು ತಿಳಿಯಲು ಒಂದು ಚಂದದ ಪರೀಕ್ಷೆಯಿದೆ. ಟ್ಯಾಕ್ಸಾಲ್ ಅಥವಾ ಮೊನಾಸ್ಟ್ರಾಲ್‌ನಿಂದ ನಿಂತ ಕೋಶಗಳಿಗೆ ಆರೋರಾ ಬಿ ತಡೆ ಹೆಸ್ಪರಾಡಿನ್ ಹಾಕಿದರೆ ಅವು ಬೇಗ ಹೊರಬರುತ್ತವೆ, ನೊಕೋಡಜೋಲ್‌ನಿಂದ ನಿಂತವು ಅಷ್ಟು ಬೇಗ ಬರುವುದಿಲ್ಲ. ಕಾರಣ, ಆರೋರಾ ಬಿಯ ಒಂದು ಮುಖ್ಯ ಕೆಲಸ ತಪ್ಪಾಗಿ ಅಂಟಿದ ಮೈಕ್ರೋಟ್ಯೂಬ್ಯೂಲನ್ನು ಬಿಡಿಸುವುದು, ನೊಕೋಡಜೋಲ್‌ನಲ್ಲಿ ಅಂಟುವುದಕ್ಕೆ ಮೈಕ್ರೋಟ್ಯೂಬ್ಯೂಲೇ ಇರುವುದಿಲ್ಲ. ರಿವರ್ಸಿನ್‌ನಂತಹ ಎಂಪಿಎಸ್1 ತಡೆ ಚೆಕ್‌ಪಾಯಿಂಟಿನ ಸಂಕೇತವನ್ನೇ ಕತ್ತರಿಸುವುದರಿಂದ ನೊಕೋಡಜೋಲ್‌ನಲ್ಲೂ ಕೋಶ ಹೊರಬರುತ್ತದೆ.

ಸಿಡಿಕೆ1 ತಡೆಯೂ ನಿಂತ ಕೋಶವನ್ನು ಹೊರತಳ್ಳುತ್ತದೆ. ಇಲ್ಲಿ ಎಂಜಿ132 ಜೊತೆಗೆ ಹಾಕಿ ನೋಡಿ. ಎಂಪಿಎಸ್1 ತಡೆಯಿಂದ ಹೊರಬರಲು ಸಿಡಿಕೆ1ರ ಜೊತೆಗಾರ ಪ್ರೋಟೀನ್ ಸೈಕ್ಲಿನ್ ಬಿ ನಾಶವಾಗಲೇಬೇಕು, ಪ್ರೋಟಿಯಾಸೋಮ್ ನಿಂತರೆ ಕೋಶವೂ ನಿಲ್ಲುತ್ತದೆ. ಸಿಡಿಕೆ1 ನೇರವಾಗಿ ತಡೆಯಾದರೆ ಸೈಕ್ಲಿನ್ ಉಳಿದಿದ್ದರೂ ವರ್ಣತಂತು ಸಡಿಲಗೊಂಡು ಕೋಶ ಹೊರಬರುತ್ತದೆ. ಇನ್ನೊಂದು ಸಾಕ್ಷ್ಯ: 9 ಮೈಕ್ರೋಮೋಲಾರ್ ಆರ್‌ಒ-3306 ಹಾಕಿ 16 ಗಂಟೆ ಇಟ್ಟು ತೊಳೆದರೆ ಒಂದು ಗಂಟೆಯೊಳಗೆ ಕೋಶಗಳು ಒಟ್ಟಿಗೆ ಮೈಟೋಸಿಸ್‌ಗೆ ನುಗ್ಗುತ್ತವೆ. ನಿಮ್ಮ ಅಣುವೂ ಹಾಗೆ ಮಾಡುತ್ತದೆಯೇ ನೋಡಿ.

ಇದಾದ ಮೇಲೆ ಜೀವಂತ ಕೋಶಗಳ ಚಲನಚಿತ್ರ. ಎಚ್2ಬಿ ಹಿಸ್ಟೋನಿಗೆ ಕೆಂಪಾಗಿ ಬೆಳಗುವ ಪ್ರೋಟೀನ್ ಜೋಡಿಸಿದ ಕೋಶಗಳನ್ನು 5 ನಿಮಿಷಕ್ಕೊಂದು ಚಿತ್ರದಂತೆ 24 ಗಂಟೆ ತೆಗೆಯಿರಿ. ನ್ಯೂಕ್ಲಿಯಸ್ ಪೊರೆ ಒಡೆದ ಕ್ಷಣದಿಂದ, ವರ್ಣತಂತುಗಳು ಬೇರ್ಪಡುವ ಅನಾಫೇಸ್‌ವರೆಗೆ ಸಹಜವಾಗಿ 30ರಿಂದ 60 ನಿಮಿಷ. ಡಿಎಂಎಸ್‌ಒ ಕೋಶಗಳೇ ಎರಡು ಗಂಟೆ ತೆಗೆದುಕೊಂಡರೆ ತಪ್ಪು ಅಣುವಿನದಲ್ಲ, ಬೆಳಕಿನದು. ಲ್ಯಾಂಪ್ ತಗ್ಗಿಸಿ, ಚಿತ್ರಗಳ ನಡುವಿನ ಅಂತರ ಹೆಚ್ಚಿಸಿ.

ಗುರಿಯನ್ನು ಸಾಬೀತುಪಡಿಸುವುದು

ಕೈನೇಸ್ ಪ್ಯಾನೆಲ್‌ನಲ್ಲಿ ಒಂದು ಕಿಣ್ವ ತಡೆಯಾಯಿತೆಂದ ಮಾತ್ರಕ್ಕೆ ಕೋಶದೊಳಗೂ ಅದೇ ಗುರಿ ಎಂದಾಗದು. 10 ಮೈಕ್ರೋಮೋಲಾರ್‌ನಲ್ಲಿ ಹೆಚ್ಚಿನ ಕೈನೇಸ್ ತಡೆಗಳು ಹಲವು ಕೈನೇಸ್‌ಗಳಿಗೆ ಅಂಟುತ್ತವೆ. ಗಟ್ಟಿ ಸಾಕ್ಷ್ಯ ಪ್ರತಿರೋಧದ ರೂಪಾಂತರ. ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುವ ಎಚ್‌ಸಿಟಿ116 ಕೋಶಗಳಲ್ಲಿ ರೂಪಾಂತರಗಳು ತಾವಾಗಿ ಹೆಚ್ಚು ಹುಟ್ಟುತ್ತವೆ. ಹತ್ತಾರು ಲಕ್ಷ ಕೋಶಗಳಿಗೆ ಕೊಲ್ಲುವ ಪ್ರಮಾಣದಲ್ಲಿ ಅಣು ಹಾಕಿ, ಎರಡು ಮೂರು ವಾರದಲ್ಲಿ ಬದುಕುಳಿದ ಗುಂಪುಗಳನ್ನು ಬಿಡಿಬಿಡಿಯಾಗಿ ಆರಿಸಿ. ಮೊದಲು ಅವುಗಳನ್ನು ಟ್ಯಾಕ್ಸಾಲ್‌ಗೆ ಒಡ್ಡಿ. ಅದಕ್ಕೂ ಜಗ್ಗದಿದ್ದರೆ ಔಷಧವನ್ನು ಹೊರಪಂಪ್ ಮಾಡುವ ಪಿ-ಗ್ಲೈಕೋಪ್ರೋಟೀನ್ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು, ಆ ಗುಂಪನ್ನು ಬಿಟ್ಟುಬಿಡಿ. ಉಳಿದವುಗಳ ಆರ್‌ಎನ್‌ಎ ಓದಿಸಿ, ಬೇರೆ ಬೇರೆ ಗುಂಪುಗಳಲ್ಲಿ ಮತ್ತೆ ಮತ್ತೆ ರೂಪಾಂತರಗೊಂಡ ಜೀನ್ ಹುಡುಕಿ. ಬಿಐ 2536ಕ್ಕೆ ಪಿಎಲ್‌ಕೆ1 ಗುರಿಯೆಂಬುದು ಈ ದಾರಿಯಲ್ಲೂ ದೃಢಪಟ್ಟಿದೆ.

ಸಿಕ್ಕ ರೂಪಾಂತರವನ್ನು ಕ್ರಿಸ್ಪರ್‌ನಿಂದ ಅಣುವನ್ನೇ ಕಾಣದ ಹೊಸ ಕೋಶಕ್ಕೆ ಹಾಕಿ, ಪ್ರಮಾಣದ ರೇಖೆ ಬಲಕ್ಕೆ ಸರಿಯುತ್ತದೆಯೇ ನೋಡಿ. ಹತ್ತುಪಟ್ಟು ಸರಿದರೆ ಗುರಿ ಅದೇ. ಸರಿಯದಿದ್ದರೆ ಆ ರೂಪಾಂತರ ಸಹಪ್ರಯಾಣಿಕ ಮಾತ್ರ. ಜೊತೆಗೆ ಒಂದು ನಿಷ್ಕ್ರಿಯ ಸೋದರ ಅಣು ಇಟ್ಟುಕೊಳ್ಳಿ, ಮುಂದಿನ ಪ್ರತಿ ಪ್ರಯೋಗಕ್ಕೂ ಅದು ಕಂಟ್ರೋಲ್. ಮೊನಾಸ್ಟ್ರಾಲ್‌ನ ಎರಡು ಕನ್ನಡಿರೂಪಗಳಲ್ಲಿ ಎಸ್ ರೂಪವೇ ಹೆಚ್ಚು ಸಕ್ರಿಯ. ಬೆರಕೆಯನ್ನು ಕೊಂಡವರು ಪ್ರಮಾಣವನ್ನು ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಮತ್ತು ಪ್ರಯೋಗದ ಟಿಪ್ಪಣಿಯಲ್ಲಿ ಯಾವ ರೂಪ, ಯಾವ ಲಾಟ್ ಎಂದು ಬರೆದಿಡಬೇಕು.